ಕಟ್ಟೆಯ ಕೆಳಗಿನ ಕಲ್ಲು

ಬೆಳಿಗ್ಗೆ ಐದಕ್ಕೆ ಏಳಬೇಕು, ಆರರೊಳಗೆ ಪೆನ್ಸಿಲು ಚೂಪು ಮಾಡಿಟ್ಟಿರಬೇಕು, ಪ್ರತಿ ಅಳತೆಯನ್ನೂ ಎರಡು ಸಲ ಹಿಡಿಯಬೇಕು. ನನಗೆ ಡ್ರಾಯಿಂಗ್ ಕಲಿಸಿದ ಮಾಸ್ತರರ ಕಟ್ಟಳೆ ಇದು. ಇಂದಿಗೂ ಬಿಟ್ಟಿಲ್ಲ. ಅದೇ ಶಿಸ್ತಿನಿಂದ ಒಂದು ಕೆಟ್ಟ ಕೆಲಸವನ್ನೂ ಮಾಡಿದ್ದೇನೆ.

ಮೂವತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವಿಯಲ್ಲಿ ಮನೆಗಳ ನಕಾಶೆ ಬರೆಯುತ್ತಿದ್ದೆ. ಆಗ ನನಗೆ ಇಪ್ಪತ್ನಾಲ್ಕು. ಹತ್ತಿಮತ್ತೂರಿನ ಗೌಡರೊಬ್ಬರು ಕರೆಸಿದರು. ಯಲವಿಗಿ ದಾರಿಯ ಹೊಲದಲ್ಲಿ ಅವರಿಗೊಂದು ಹೊಸ ಮನೆ ಬೇಕಿತ್ತು.

"ಸಿಮಿಟಿನ ಡಬ್ಬಿ ಬ್ಯಾಡ ತಮ್ಮಾ. ನಮ್ಮ ಹಳೇ ಮನಿ ಹಂಗ ಇರಬೇಕು. ಆದ್ರ ಕಿಡಕಿ ದೊಡ್ಡುವು ಇಡು. ಹೊಗಿ ಕುಡದ ಕುಡದ ನಮ್ಮವ್ವನ ಕಣ್ಣ ಹೋದುವು."

ಎರಡು ದಿನ ಹಳೆಯ ಮನೆಯನ್ನು ಅಳೆದೆ. ಕಂಬ, ತೊಲೆ, ಪಡಸಾಲೆ ಯಾವುದನ್ನೂ ಬಿಡಲಿಲ್ಲ. ಮುಂದಿನ ಕಟ್ಟೆ ಎರಡೂವರೆ ಅಡಿ ಎತ್ತರ. ಅದರ ಮೂಲೆಯ ಕೆಳಗೆ ಒಂಬತ್ತು ಇಂಚು ಎತ್ತರದ ಒಂದು ಚಪ್ಪಟೆ ಕಲ್ಲು. ಊರ ಹೊರಗಿನ ಕೇರಿಯ ಆಳುಗಳು ಅದರ ಮೇಲೆ ಕುಳಿತು ಬೊಗಸೆ ಒಡ್ಡುತ್ತಿದ್ದರು. ಮನೆಯವರು ಕಟ್ಟೆಯ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಆ ಮಧ್ಯಾಹ್ನವೇ ಕಣ್ಣಾರೆ ಕಂಡೆ. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹೊಸ ಮನೆಯ ನಕಾಶೆಯಲ್ಲಿ ಆ ಕಲ್ಲನ್ನೂ ಬರೆದೆ. ಕಟ್ಟೆಯ ಉದ್ದನೆಯ ಗೆರೆಗೆ ಆ ಮೂಲೆಯಲ್ಲಿ ಒಂದು ನಿಲುಗಡೆ ಬೇಕೆನಿಸಿತ್ತು. ಕಾಗದದ ಮೇಲೆ ಚೆಂದ ಕಾಣುತ್ತಿತ್ತು.

ಗೌಡರು ನಕಾಶೆಯ ಮೇಲೆ ಬೆರಳಿಟ್ಟರು. "ಇದೇನೋ, ಮೆಟ್ಟಲೇನು?"

"ಹಳೇ ಮನ್ಯಾಗ ಐತಲ್ರಿ."

"ಅರೇ, ಹೌದಲ್ಲ! ನನಗ ನೆಪ್ಪ ಇರಲಿಲ್ಲ ನೋಡು. ಬಲೇ ಲಕ್ಷ್ಯದಾವ ಅದಿ. ಇರ್ಲಿ."

ಕೆಲಸ ಶುರುವಾಯಿತು. ಮಾಳಿಗೆಗೆ ಮಣ್ಣು ಆರಿಸಿ, ಹದಮಾಡಿ ಹಾಕಲು ಅದೇ ಕೇರಿಯಿಂದ ಒಬ್ಬ ಮುದುಕ ಬಂದ. ಮಳೆ ನೀರು ಇಳಿಯದ ಕರಲು ಮಣ್ಣು ಯಾವುದೆಂದು ಅವನು ನಾಲಿಗೆಯ ಮೇಲಿಟ್ಟು ಹೇಳುತ್ತಿದ್ದ. ನಾನೂ ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದೆ.

"ನುಂಗಬ್ಯಾಡ್ರಿ ಸಾಹೇಬ್ರ, ಹೊಟ್ಟ್ಯಾಗ ಮಾಳಿಗಿ ಏಳತೈತಿ" ಎಂದು ನಕ್ಕ. ಅವನು ಹೇಳಿದ್ದನ್ನೆಲ್ಲ ನನ್ನ ವಹಿಯಲ್ಲಿ ಬರೆದುಕೊಂಡೆ.

ಮೊದಲು ಮುಗಿದದ್ದು ಕಟ್ಟೆ. ಮಧ್ಯಾಹ್ನ ಗೌಂಡಿಗಳು, ಬಡಿಗೇರರು ಅದರ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಮುದುಕನೂ ಅದೇ ಕಟ್ಟೆಯ ತುದಿಯಲ್ಲಿ, ತುಸು ದೂರ ಬಿಟ್ಟು ಕೂರುತ್ತಿದ್ದ. ಯಾರೂ ಏನೂ ಅನ್ನಲಿಲ್ಲ. ಮನೆಯಿನ್ನೂ ಮನೆಯಾಗಿರಲಿಲ್ಲ. ಎರಡು ತಿಂಗಳು ಹೀಗೆಯೇ ನಡೆಯಿತು.

ಒಂದು ದಿನ ಗೌಂಡಿ ನಕಾಶೆ ನೋಡಿ ಮೂಲೆಯ ಕಲ್ಲನ್ನು ಕೂರಿಸಿದ. ಬುತ್ತಿಯ ಹೊತ್ತಿಗೆ ಗೌಡರ ಕಾರಭಾರಿ ಬಂದ. "ಏಳೋ ಮುದುಕಾ, ನಿನ್ನ ಗಾದಿ ಬಂತು ನೋಡು!"

ಕೆಲವರು ನಕ್ಕರು. ಮುದುಕ ಅರ್ಧ ತಿಂದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಕೆಳಗಿಳಿದ. ಕಲ್ಲಿನ ಮೇಲೆ ಕೂರಲಿಲ್ಲ. ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಇದನ್ನ ನೀವ ಬರದದ್ದೇನ್ರಿ ಸಾಹೇಬ್ರ?"

"ಹೌದು."

"ಅಳತಿ ಛಲೋ ಹಿಡದೀರಿ ಬಿಡ್ರಿ."

ಉಳಿದ ರೊಟ್ಟಿಯನ್ನು ಹೊಲದ ಬದುವಿನ ಮೇಲೆ ಬಿಸಿಲಲ್ಲಿ ಕುಳಿತು ತಿಂದ.

ಆ ಸಂಜೆ ಗೌಡರಲ್ಲಿಗೆ ಹೋದೆ. "ಆ ಮೂಲ್ಯಾಗಿನ ಕಲ್ಲ ತಗಸೋಣೇನ್ರಿ ಗೌಡ್ರ?"

"ಯಾಕ? ಅಳತಿ ತಪ್ಪೇತೇನು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಗೌಡರಿಗೆ ಆ ಕಲ್ಲಿನ ಗರಜೇ ಇರಲಿಲ್ಲ, ಮರುದಿನವೇ ಕೀಳಿಸುತ್ತಿದ್ದರು. ಆದರೆ ಆ ಹುಡುಗನ ಅಳತೆ ತಪ್ಪುವುದಿಲ್ಲ ಎಂಬ ಮಾತು ಹಾನಗಲ್ಲು, ಹಿರೇಕೆರೂರಿನವರೆಗೆ ಹೋಗಿತ್ತು. ಆ ಮಾತಿನಿಂದಲೇ ನನಗೆ ಕೆಲಸ ಬರುತ್ತಿತ್ತು. ತಪ್ಪಿದೆ ಎಂದು ನನ್ನ ಬಾಯಿಯಿಂದಲೇ ಹೇಳಲು ನಾಲಿಗೆ ಏಳಲಿಲ್ಲ. ಕಲ್ಲನ್ನು ಯಾಕೆ ತೆಗೆಸಬೇಕೆಂದು ನಿಜವನ್ನು ಹೇಳಲು ಎದೆಯಿರಲಿಲ್ಲ.

"ಅಳತಿ ಬರೋಬ್ಬರಿ ಐತ್ರಿ" ಎಂದೆ.

"ಮತ್ಯಾಕ? ಇರ್ಲಿ ಬಿಡು."

ಮುದುಕ ಮುಂದೆ ನಾಲ್ಕು ದಿನ ಹಿತ್ತಲ ನಿಚ್ಚಣಿಕೆಯಿಂದಲೇ ಮಾಳಿಗೆ ಹತ್ತಿ ಇಳಿದ. ಮಣ್ಣನ್ನು ಒಂದು ಬಿರುಕಿಲ್ಲದಂತೆ ಬಡಿದು ಕೂರಿಸಿದ. ಕೊನೆಯ ದಿನ ನನಗೆ ಹೇಳದೆ ಹೋದ.

ಮೂರು ಮಳೆಗಾಲ ಕಳೆದ ಮೇಲೆ ಗೌಡರು ಕಾಗದ ಬರೆದರು. ಹಳೆಯ ಮನೆಯ ಮಾಳಿಗೆ ಸೋರುತ್ತಿತ್ತು, ಇದು ಒಂದು ಹನಿಯೂ ಸೋರಿಲ್ಲ, ನಿನ್ನ ವಿದ್ಯೆ ದೊಡ್ಡದು ಎಂದಿದ್ದರು. ಬಂದ ಕಾಗದಕ್ಕೆ ಅಂದೇ ಉತ್ತರ ಬರೆಯುವುದು ನನ್ನ ರೂಢಿ. ಅಂದೂ ಬರೆದೆ. ತಮ್ಮ ಆಶೀರ್ವಾದ ಎಂದು ಬರೆದೆ.