ಹಚಾ ಎಂದರೆ ರೊಟ್ಟಿ

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹತ್ತಿಮತ್ತೂರಿನಲ್ಲಿ ಎತ್ತು ಮೇವು ತಿನ್ನುವ ಗ್ವಾದಲಿಯ ಪಕ್ಕ ಕೂತು ಓದಿದವನು. ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಕಲಿತದ್ದರಲ್ಲಿ ಬಹಳಷ್ಟು ಮಾಸ್ತರರ ಛಡಿಯ ಕೆಳಗೆ ಕಲಿತದ್ದು. ಛಡಿ ಕಂಡರೆ ಬರುವ ಉತ್ತರವೂ ಮರೆತುಹೋಗುತ್ತಿತ್ತು.

ಇಂಟರ್ ಕ್ಲಾಸಿನಲ್ಲಿದ್ದಾಗ ದೀಪಾವಳಿ ಸೂಟಿಗೆ ಧಾರವಾಡದಿಂದ ಊರಿಗೆ ಬಂದೆ. ಅಷ್ಟರಲ್ಲಿ ನಮ್ಮ ಕೆಂಪು ನಾಯಿಯ ಮೇಲೆ ಫಿರ್ಯಾದಿ ಬಂದಿತ್ತು. ಪಕ್ಕದ ಹೊಲದವರ ಕಣದಲ್ಲಿ ಒಣಹಾಕಿದ ಶೇಂಗಾ ಕೆದರಿ ತಿನ್ನುತ್ತಿತ್ತಂತೆ. ಇನ್ನೊಮ್ಮೆ ಕಂಡರೆ ಕೊಂದುಹಾಕುವುದಾಗಿ ಕಣದ ಯಜಮಾನರು ಅಪ್ಪನಿಗೆ ಹೇಳಿಕಳಿಸಿದ್ದರು. ಕಟ್ಟಿದರೆ ಹಗ್ಗ ಕಡಿಯುತ್ತಿತ್ತು. ಅಪ್ಪ ಬಾರಕೋಲಿನಿಂದ ಬಾರಿಸಿ ನೋಡಿದ್ದ. ನಾಯಿ ಕಣ ಬಿಡಲಿಲ್ಲ, ಮನೆ ಬಿಟ್ಟು ಎರಡು ದಿನ ಎಲ್ಲೋ ಇತ್ತು.

ಹೊಡೆಯದೆ ಕಲಿಸುತ್ತೇನೆ ಎಂದೆ. ಕರೆದಾಗ ಬಂದರೆ ಒಂದು ತುಣುಕು ರೊಟ್ಟಿ, ಕೂರು ಎಂದಾಗ ಕೂತರೆ ಇನ್ನೊಂದು. ತಪ್ಪಿದರೆ ಏನೂ ಇಲ್ಲ, ಬೈಗುಳವೂ ಇಲ್ಲ. ಯುದ್ಧದ ಕಾಲ, ಜೋಳಕ್ಕೆ ತತ್ವಾರ.

"ಬಿ.ಎ. ಓದಾಂವ ನೀನೋ ನಾಯಿನೋ?" ಎಂದಳು ಅವ್ವ, ಒಲೆಯ ಮುಂದಿನಿಂದ. "ಇಬ್ಬರಿಗೂ ರೊಟ್ಟಿ ಬಡಿಯಾಕ ನನ್ ಕೈಲಿ ಆಗೂದಿಲ್ಲ."

ನನ್ನ ಪಾಲಿನದರಲ್ಲೇ ಕೊಡುತ್ತೇನೆ ಎಂದೆ.

ಒಂದು ಅಡ್ಡಿ ಇತ್ತು. ಓಣಿಯಲ್ಲಿ ಯಾರಾದರೂ ಯಾವ ನಾಯಿಯನ್ನಾದರೂ 'ಹಚಾ' ಎಂದು ಅಟ್ಟಿದರೆ ಸಾಕು, ನಮ್ಮದು ಚಕ್ಕಡಿಗಾಡಿಯ ಕೆಳಗೆ ನುಗ್ಗಿ ನಡುಗುತ್ತಿತ್ತು. ಆ ದಿನದ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಮೊದಲು ಆ ಮಾತಿನ ಅಂಜಿಕೆ ಬಿಡಿಸಬೇಕು ಎಂದುಕೊಂಡೆ. ಮೆಲ್ಲಗೆ ಹಚಾ ಅನ್ನುವುದು, ರೊಟ್ಟಿ ಕೊಡುವುದು. ದಿನದಿನಕ್ಕೆ ದನಿ ಏರಿಸಿದೆ. ಹತ್ತನೆಯ ದಿನ ಗಂಟಲು ಹರಿಯುವಂತೆ ಕೂಗಿದರೂ ಬಾಲ ಆಡಿಸುತ್ತ ಬಂದು ಕೈ ನೆಕ್ಕಿತು. ಅಪ್ಪ ನಕ್ಕ. ಓದಿದ್ದಕ್ಕೆ ಇದೊಂದು ಉಪಯೋಗವಾಯಿತು ಎಂದ. ನನಗೆ ಹೆಮ್ಮೆಯಾಯಿತು. ಕಣದ ಪಾಠ ಇನ್ನೂ ಬಾಕಿ ಇತ್ತು.

ನಾನು ಸವಣೂರಿನ ಸಂತೆಗೆ ಹೋದ ದಿನ ನಾಯಿ ಕಣಕ್ಕೆ ಹೋಯಿತು. ಸಂಜೆ ಕಣ ಕಾಯುವ ಕಾಕಾ ತಾನೇ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು, ಅಪ್ಪನ ಕಡೆ ನೋಡದೆ ನನಗೆ ಹೇಳಿದ:

"ಹೊಡಿಬೇಕಂತ ಇರಲಿಲ್ಲ ತಮ್ಮಾ. ಓಡಿಸಿಬಿಟ್ರಾತು, ಯಜಮಾನ್ರಿಗೆ ಯಾರ್ ಹೇಳ್ತಾರ ಅಂತ ಹಚಾ ಅಂದೆ. ಮೈಮ್ಯಾಲೇ ಬಂತು. ಮತ್ತ ಅಂದೆ, ಮತ್ತಷ್ಟು ಹತ್ರ ಬಂತು. ಹಚಾ ಅಂದ್ರ ಓಡದ ನಾಯಿ ನಾ ಕಂಡಿಲ್ಲ. ಹುಚ್ಚ ಹಿಡದೈತಿ ಅಂತ ತಿಳಕೊಂಡು ಬಡಿಗಿ ಬೀಸಿದೆ. ಅಲ್ಲೇ ಬಿದ್ದು ಸತ್ತಿತು. ಹುಚ್ಚ ಹಿಡದಿತ್ತಲ್ಲ?"

ಅಪ್ಪ ನನ್ನ ಮುಖ ನೋಡಿದ.

"ಹೌದು ಕಾಕಾ," ಎಂದೆ.

ಅವನ ಉಸಿರು ಸಡಿಲಾಯಿತು. ಮರುಕ್ಷಣವೇ ನನ್ನ ಕೈ ಹಿಡಿದುಕೊಂಡ. "ಹಂಗಾದ್ರ ನಿನ್ನ ನೆಕ್ಕೈತೇನು?"

ದಿನಾ ನೆಕ್ಕುತ್ತಿತ್ತು ಎಂದು ಅವ್ವ ಒಳಗಿನಿಂದ ಹೇಳಿ ಅಳತೊಡಗಿದಳು. ಇಲ್ಲ, ಹುಚ್ಚು ಇರಲಿಲ್ಲ ಎನ್ನಬಹುದಿತ್ತು. ಕಾಕಾ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.

ಮರುದಿನವೇ ಧಾರವಾಡಕ್ಕೆ ಕಳಿಸಿದರು. ದವಾಖಾನೆಯಲ್ಲಿ ದಿನಾ ಸಾಲಿನಲ್ಲಿ ನಿಂತು ಹೊಟ್ಟೆಗೆ ಹುಚ್ಚುನಾಯಿಯ ಸೂಜಿ ಹಾಕಿಸಿಕೊಂಡು ಅಲ್ಲಿಂದಲೇ ಕಾಲೇಜಿಗೆ ಹೋಗುತ್ತಿದ್ದೆ. ಬಹಳ ನೋಯುತ್ತದೆ, ಹಲ್ಲು ಕಚ್ಚಿಕೋ ಎಂದು ಕಾಂಪೌಂಡರ್ ಮೊದಲೇ ಹೇಳಿದ್ದ. ನನಗೆ ನೋವೇ ಗೊತ್ತಾಗಲಿಲ್ಲ.