ದೀಪ ಹಚ್ಚದ ಒಂದು ಸಾಲು

ನಮ್ಮ ಪಡಸಾಲೆಯ ಬಲ್ಬು ಸುಟ್ಟುಹೋಗಿ ಬಹಳ ದಿನವಾಯಿತು. ಅದನ್ನು ಬದಲಿಸುವುದು ಗೃಹಸ್ಥನ ಪರಮಧರ್ಮವೆಂದು ನನ್ನಾಕೆಯ ನಂಬಿಕೆ. ಯಾವ ಧರ್ಮವನ್ನೂ ಅವಸರದಿಂದ ಆಚರಿಸಬಾರದೆಂಬುದು ನನ್ನದು. ಈ ಮತಭೇದದ ದೆಸೆಯಿಂದ ಸಂಜೆಗತ್ತಲಲ್ಲಿ ಕೂಡುವ ಯೋಗ ಬಂದಾಗಲೆಲ್ಲ, ಓದುಗ ಮಹಾಶಯರೆ, ನನಗೆ ಒಂದು ಕವಿತೆಯ ಸಾಲೂ, ಅದರಿಂದ ಮುರಿಯಲಿದ್ದ ಒಂದು ಮದುವೆಯೂ ನೆನಪಾಗುತ್ತವೆ.

'ನೀನು ಬಂದ ಮೇಲೆ ದೀಪ ಹಚ್ಚಲಿಲ್ಲ' ಎಂಬುದು ಆ ಸಾಲು. ಚಂದ್ರ, ನಿಟ್ಟುಸಿರು ಮತ್ತು ವಿರಹ ಧಾರಾಳವಾಗಿ ಸಿಗುತ್ತಿದ್ದ ಕಾಲದ ಒಂದು ಪ್ರೇಮಗೀತೆಯದು. ಕವಿಯ ಹೆಸರು ಮರೆತಿದ್ದೇನೆ; ಅದು ಇಬ್ಬರಿಗೂ ಕ್ಷೇಮ. ಜಮಖಂಡಿಯ ಕಾಲೇಜಿನಲ್ಲಿ ಕನ್ನಡ ಕಲಿಸುವಾಗ ಈ ಸಾಲನ್ನು ನಾನು ವಯಸ್ಸಿಗೆ ತಕ್ಕಂತೆ ವ್ಯಾಖ್ಯಾನಿಸಿದೆ. ಮದುವೆಗೆ ಮೊದಲು, ಪ್ರಿಯೆಯ ಮುಖವೇ ದೀಪವೆಂದೆ. ಮದುವೆಯಾದ ಮೇಲೆ, ಕವಿ ಏನೋ ಅಡಗಿಸಿಡುತ್ತಿದ್ದಾನೆಂದೆ. ನಿವೃತ್ತಿ ಹತ್ತಿರ ಬಂದಾಗ ಜೀವಾತ್ಮ ಪರಮಾತ್ಮರನ್ನು ಕರೆತಂದು ಕೂಡಿಸಿದೆ. ವಿದ್ಯಾರ್ಥಿಗಳು ಮೂರನ್ನೂ ಸಮಾನ ನಿರ್ಲಿಪ್ತತೆಯಿಂದ ಬರೆದುಕೊಂಡರು.

ಒಬ್ಬಳು ಮಾತ್ರ ಹಾಗೆ ಮಾಡಲಿಲ್ಲ. ನನ್ನ ಗೆಳೆಯ, ಬೆಲ್ಲದ ವ್ಯಾಪಾರಿ ಬಸಪ್ಪನ ಮಗಳು ಮಹಾದೇವಿ ಆ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು, ಬನಹಟ್ಟಿಯ ಹುಡುಗನೊಡನೆ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯಲ್ಲಿ ಇಬ್ಬರ ಹೆಸರಿನ ಕೆಳಗೆ ಅಚ್ಚು ಹಾಕಿಸಬೇಕೆಂದಳು. ಹುಡುಗನಿಗೂ ಹಿಡಿಸಿತು. ಹುಡುಗನ ತಾಯಿ ಕಮಲಮ್ಮನವರಿಗೆ ಮಾತ್ರ ಅದು ಅಪಶಕುನವಾಗಿ ಕಂಡಿತು. ಬೀಗರ ಮನೆಯಿಂದ ಮಾತು ಬಂತು: ಸಾಲು ತೆಗೆಯಿರಿ, ಇಲ್ಲವೆ ಸಂಬಂಧದ ವಿಚಾರ ಮತ್ತೊಮ್ಮೆ ಮಾಡೋಣ. ಮಗಳು ಅಪ್ಪನಿಗೆ ಹೇಳಿದ್ದು ಇನ್ನೂ ಚಿಕ್ಕದು: "ಸಾಲು ತಗದ್ರ ನನ್ನ ಹೆಸರೂ ತಗೀರಿ."

"ನೀ ಕಲಿಸಿದ್ದು, ನೀನ ಬಂದು ಬಿಡಿಸು," ಎಂದು ಬಸಪ್ಪ ನನ್ನನ್ನು ಬನಹಟ್ಟಿಗೆ ಒಯ್ದ. ಹೀಗೆ ಕಾವ್ಯಮೀಮಾಂಸೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬ ಅಧ್ಯಾಪಕ ತಜ್ಞ ಸಾಕ್ಷಿಯಾಗಿ ಬಸ್ಸು ಹತ್ತಿದ.

ಬನಹಟ್ಟಿ ನೇಕಾರರ ಊರು; ಅಂದು ಮಗ್ಗಗಳಿಗೆ ವಾರದ ರಜೆ. ಹುಡುಗನ ತಂದೆ ಈರಪ್ಪನವರು ಚಹಾ ತರಿಸಿದರು. ಕಮಲಮ್ಮ ಬಾಗಿಲ ಬಳಿ ಕುಳಿತು ನೇರ ವಿಷಯಕ್ಕೇ ಬಂದರು. "ಮಾಸ್ತರ್ರ, ದೇವರ ಜಗಲಿಗೆ ಸಂಜೀಕ ದೀಪ ಹಚ್ಚಾಕ ಅಂತ ಸೊಸಿ ತರಾಕತ್ತೇವಿ. ಈಕಿ ಬಂದ ಮ್ಯಾಲೆ ದೀಪಾನ ಇಲ್ಲ ಅಂತ ಊರಿಗೆಲ್ಲ ಅಚ್ಚು ಹಾಕಿಸಿ ಹಂಚೂಣೇನ್ರಿ?"

ನಾನು ಗಂಟಲು ಸರಿಪಡಿಸಿಕೊಂಡು ಪ್ರಿಯೆಯ ಮುಖದಿಂದ ಆರಂಭಿಸಿದೆ. ಈರಪ್ಪನವರು ತಡೆದರು. ಕರೆಂಟಿನ ಮರ್ಜಿಯಲ್ಲಿ ಮಗ್ಗ ನಡೆಸಿದವರು ಅವರು. "ಆಕಿ ಬರೂದಕ್ಕೂ ಲೈಟ್ ಬರೂದಕ್ಕೂ ಒಂದ ಹೊತ್ತಿಗೆ ಗಂಟು ಬಿದ್ದಿರಬೇಕ್ರಿ. ದೀಪ ಯಾಕ ಬೇಕಾದೀತು?" ಬಸಪ್ಪ, "ಎಣ್ಣಿ ಉಳಿಸೋ ಹುಡುಗಿ ಅಂದ್ರ ಛಲೋನ ಆತಲ್ರಿ," ಎಂದ. "ಮಗಳ ಸಲುವಾಗಿ ಬೆಲ್ಲದಂಗ ಮಾತಾಡ್ತೀರಿ," ಎಂದು ಕಮಲಮ್ಮ ಅವನ ವ್ಯಾಖ್ಯಾನವನ್ನು ಅಲ್ಲಿಗೇ ಮುಗಿಸಿದರು. ಪರಮಾತ್ಮನನ್ನು ಕರೆಯುವುದೊಂದೇ ನನಗೆ ಉಳಿದಿತ್ತು, ಕರೆದೆ. ಆಕೆ ಅವನನ್ನೂ ಬಿಡಲಿಲ್ಲ: "ದೇವ್ರು ಬಂದ್ರ ದೀಪ ಹಚ್ಚದ ಕೂಡ್ತಾರೇನ್ರಿ?"

ವಾದ ಬಿಸಿಯಾಯಿತು. ಕಮಲಮ್ಮನವರ ಮದುವೆಯ ಕಥೆ ಬಂತು, ಅವರ ಅತ್ತೆಯ ಕಥೆ ಬಂತು, ಈರಪ್ಪನವರು ಹೆಣ್ಣು ನೋಡಲು ಬಂದು ಕೊಟ್ಟ ಚಹಾ ಕುಡಿಯಲು ಮರೆತ ಕಥೆ ಬಂತು. ಸಂಬಂಧ ಮುರಿಯುವ ಮಾತಿಗೆ ಕೂತವರು ಹೊಟ್ಟೆ ಹಿಡಿದು ನಗುತ್ತಿದ್ದೆವು. ಆಗ ಈರಪ್ಪನವರು ಕಪ್ಪಿಗಾಗಿ ಕೈಯಾಡಿಸಿ, ಸಿಗದೆ, "ಏ, ಲೈಟರ ಹಾಕ್ರೆಪಾ, ಯಾರ ಮುಖಾನೂ ಕಾಣವಲ್ಲವು," ಎಂದರು.

ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಹೊರಗೆ ಪೂರ್ತಿ ಕತ್ತಲಾಗಿತ್ತು.

"ಅಯ್ಯ ಶಿವನ!" ಎಂದರು ಕಮಲಮ್ಮ. "ದೀಪಾನ ಹಚ್ಚಿಲ್ಲ!"

ಅಧ್ಯಾಪಕನಿಗೆ ಇಂಥ ಸಂದರ್ಭ ಜನ್ಮಕ್ಕೊಮ್ಮೆ ಒದಗುವುದು. ನಾಲ್ಕನೆಯ ವ್ಯಾಖ್ಯಾನ ನಾಲಗೆಯ ತುದಿಯಲ್ಲಿತ್ತು; ಬಸಪ್ಪ ಕತ್ತಲಲ್ಲೇ ನನ್ನ ಮೊಣಕಾಲು ಹಿಸುಕಿದ್ದರಿಂದ ಸುಮ್ಮನಿದ್ದೆ. ಆಕೆ ಎದ್ದು ಒಳಗೆ ಹೋದರು. ಕಡ್ಡಿ ಗೀರಿದ ಸದ್ದು ಕೇಳಿತು, ದೇವರ ಜಗಲಿ ಬೆಳಗಿತು. ಆಮೇಲೆ ಅಲ್ಲಿಂದಲೇ ತೀರ್ಪು ಬಂತು: "ಇರ್ಲಿ ಬಿಡ್ರಿ ಆ ಸಾಲು. ಆದ್ರ ದೇವರ ಚಿತ್ರದ ಪುಟದಾಗ ಬ್ಯಾಡ. ಹಿಂದಿನ ಪುಟಕ್ಕ ಹಾಕಿಸ್ರಿ."

ಹಾಗೇ ಆಯಿತು. ಮಹಾದೇವಿ ಈಗ ಬನಹಟ್ಟಿಯಲ್ಲಿದ್ದಾಳೆ. ದೀಪವನ್ನು ಅತ್ತೆ ಸೊಸೆ ಇಬ್ಬರೂ ಹಚ್ಚುತ್ತಾರೆಂದೂ, ಇಬ್ಬರೂ ಮಾತಿಗೆ ಕೂತ ದಿನ ಈರಪ್ಪನವರೇ ಹಚ್ಚುತ್ತಾರೆಂದೂ ಕೇಳಿದ್ದೇನೆ. ಕವಿ ಏನು ಹೇಳಿದ್ದನೋ ನನಗೆ ಇಂದಿಗೂ ತಿಳಿಯದು. ತಿಳಿದಿದ್ದರೆ ಅಂದು ನಾನು ಅದನ್ನೇ ಹೇಳಿ, ಮದುವೆ ಮುರಿದು ಬರುತ್ತಿದ್ದೆನೇನೋ.

ಈ ಪ್ರಸಂಗವನ್ನು ನಿನ್ನೆ ಸಂಜೆ ಪಡಸಾಲೆಯಲ್ಲಿ ನನ್ನಾಕೆಗೆ ಮತ್ತೊಮ್ಮೆ ವಿಸ್ತಾರವಾಗಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಕವಿತಾ ಹೇಳಿ ಬಲ್ಬ್ ಹಾಕೂದು ತಪ್ಪಿಸ್ಕೊಬ್ಯಾಡ್ರಿ," ಎಂದಳು. ನಿಜಕ್ಕೂ ಬಲ್ಬು ತಂದಿದ್ದೆ, ಮಗ್ಗುಲಲ್ಲೇ ಇತ್ತು. ಸ್ಟೂಲು ತರಲೆಂದು ಏಳಹೊರಟೆ.

"ಕೂಡ್ರಿ," ಎಂದಳು. "ಆ ಕಮಲಮ್ಮ ಆಮ್ಯಾಲೆ ಏನಂದ್ರು, ಅದನ್ನ ಮೊದ್ಲ ಹೇಳ್ರಿ."