ಎಂಟಕ್ಕೇ ಆರಬೇಕಿದ್ದ ಬೆಳಕು

ಕೊಳ್ಳಿದೆವ್ವ ಕಂಡೆ ಎಂದು ಯಾರಾದರೂ ಶುರು ಮಾಡಿದರೆ ನಗುತ್ತಿದ್ದವನು ನಾನು. ಬೀರೂರಿನಲ್ಲಿ ಟಾರ್ಚು ರಿಪೇರಿ ಅಂಗಡಿ ನನ್ನದು. ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂಬುದೆಲ್ಲ ಗೊತ್ತೆಂಬ ಜಂಬವಿತ್ತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದೆ. ಆ ಜಂಬ ಇಳಿದದ್ದು ಹೇಗೆಂದು ಹೇಳುತ್ತೇನೆ. ನೀವು ನಂಬಲೇಬೇಕೆಂದೇನಿಲ್ಲ.

ಎಲ್‌ಇಡಿ ಟಾರ್ಚಿನಲ್ಲಿ ಬೆಳಕು ಹೆಚ್ಚಿಸಿದರೆ ಸೆಲ್ಲು ಬೇಗ ಮುಗಿಯುತ್ತದೆ, ಹೆಚ್ಚು ಹೊತ್ತು ಬೇಕೆಂದರೆ ಬೆಳಕು ತಗ್ಗಿಸಬೇಕು. ದೂರಕ್ಕೆ ಹೊಡೆಯುವ ಹಾಗೆ ಮಾಡಿದರೆ ಕಾಲಬುಡ ಕತ್ತಲಾಗುತ್ತದೆ. ಮೂರನ್ನೂ ಒಟ್ಟಿಗೆ ಕೊಡುವ ಟಾರ್ಚನ್ನು ನಾನಂತೂ ಕಂಡಿಲ್ಲ. ಆದರೆ ನಮ್ಮ ಕಡೆಯವರು ಅಂಗಡಿ ಮುಂದೆ ನಿಂತು ಎದುರಿನ ತೆಂಗಿನ ಸುಳಿಗೆ ಹೊಡೆದು ನೋಡುತ್ತಾರೆ. ಸುಳಿ ಬೆಳಗಿದರೆ ಮಾಲು ಒಳ್ಳೆಯದು! ಅಜ್ಜಂಪುರದ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಭಾವನದೂ ಅದೇ ಹಟ. "ಡಿಮ್ಮು ಗಿಮ್ಮು ಕಿತ್ತಾಕು. ಒತ್ತಿದ್ರೆ ಫುಲ್ಲು ಬರ್ಬೇಕು ಅಷ್ಟೇ" ಎಂದರು. ಕಿತ್ತು ಹಾಕಿದೆ. ಪೂರ್ತಿ ಚಾರ್ಜಿಗೆ ಅದು ಒಂದೂಕಾಲು ಗಂಟೆ ಉರಿಯುತ್ತಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಸಂಜೆ ಆರೂವರೆಗೆ ತ್ರೀಫೇಸ್ ಕರೆಂಟು ಬಂತೆಂದು ಮೋಟಾರು ಹಾಕಲು ಹೋದ ಭಾವ ಹಿಂತಿರುಗಲಿಲ್ಲ. ಅಕ್ಕ ಅಳುತ್ತಾ ಫೋನು ಮಾಡಿದಳು. ನಾನು ಬೈಕಿನಲ್ಲಿ ತಲುಪುವಾಗ ಒಂಬತ್ತು ಗಂಟೆ. ಪಕ್ಕದ ಹೊಲದ ರುದ್ರಪ್ಪ ದೊಣ್ಣೆ ಹಿಡಿದು ಕಾಯುತ್ತಿದ್ದ. ಅಕ್ಕ ಹಿತ್ತಿಲಿನಿಂದ ಮೇಲಿನ ತೋಟದ ಕಡೆ ಕೈ ತೋರಿಸಿದಳು.

"ಅಗೋ ನೋಡೋ ಬೆಳಕು. ನಿಮ್ ಭಾವ ಅಲ್ಲೇ ಅವ್ರೆ ಕಣೋ."

ಮರಗಳ ನಡುವೆ ಬೆಳಕು ನಿಜವಾಗಿಯೂ ಇತ್ತು. ಮಂದವಾಗಿ, ಸುತ್ತ ಹರಡಿಕೊಂಡಿತ್ತು. ನಾನು ಲೆಕ್ಕ ಹಾಕಿದೆ. ಭಾವನ ಟಾರ್ಚು ಎಂಟಕ್ಕೇ ಆರಿರಬೇಕು. ದೂರಕ್ಕೆ ಹೊಡೆಯುವ ಅದರ ಬೆಳಕು ಹೀಗೆ ಹರಡುವುದೂ ಇಲ್ಲ.

"ಅದು ಭಾವನ ಬ್ಯಾಟ್ರಿ ಅಲ್ಲ ಕಣಕ್ಕ. ಬೇರೆ ಯಾರೋ ನೀರು ಕಟ್ತಾವ್ರೆ" ಎಂದೆ.

ಮೋಟಾರು ಇದ್ದದ್ದು ಕೆಳಗೆ, ಹಳ್ಳದ ಪಕ್ಕ. ರುದ್ರಪ್ಪನೂ ನಾನೂ ಅತ್ತ ಹೋದೆವು. ಹಳ್ಳದ ಎರಡೂ ದಡ ತಡಕಿದೆವು, ಕೂಗಿ ಕೂಗಿ ಗಂಟಲು ಕಟ್ಟಿತು. ತಿರುಗಿದಾಗಲೆಲ್ಲ ಆ ಬೆಳಕು ಅಲ್ಲೇ ಇತ್ತು, ಅಲುಗದೆ. ರುದ್ರಪ್ಪನಿಗೂ ಕಾಣುತ್ತಿತ್ತು. ಹನ್ನೊಂದರ ಹೊತ್ತಿಗೆ ಹುಡುಕಲು ಬೇರೆ ಜಾಗವೇ ಉಳಿಯದೆ ಅತ್ತ ನಡೆದೆವು. ನಾಲ್ಕೈದು ಮರದಷ್ಟು ದೂರ ಇರುವಾಗ ನೋಡಿದರೆ ಬೆಳಕಿಲ್ಲ. ಆರಿದ್ದನ್ನು ಇಬ್ಬರೂ ನೋಡಲಿಲ್ಲ.

ಅಲ್ಲೇ ಪೈಪಿನ ಹಳೇ ಗುಂಡಿಯಲ್ಲಿ ಭಾವ ಬಿದ್ದಿದ್ದರು. ಒಡೆದ ಪೈಪು ನೋಡಲು ಬಂದವರ ಕಾಲಿನ ಮೇಲೆ ಗುಂಡಿಯ ಕಲ್ಲು ಚಪ್ಪಡಿ ಕುಸಿದಿತ್ತು. ಕೈಯಲ್ಲಿ ಟಾರ್ಚು ತಣ್ಣಗಿತ್ತು, ಒತ್ತಿದರೆ ಹತ್ತಲಿಲ್ಲ.

"ಆಗ್ಲೇ ಆರೋಯ್ತು ಕಣೋ. ನೀವು ಹಳ್ಳದ ಕಡೆ ಕೂಗ್ತಿದ್ದದ್ದು ಕೇಳ್ತಿತ್ತು, ನಂಗೆ ದನಿ ಬರ್ಲಿಲ್ಲ" ಎಂದರು.

ಇಲ್ಲಿ ಬೇರೆ ಬೆಳಕು ಇತ್ತಾ ಎಂದು ಕೇಳಿದೆ. "ಬರೀ ಕತ್ಲು" ಎಂದರು.

ತರೀಕೆರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಎರಡು ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಆ ಎರಡು ಗಂಟೆ ನಾನು ಹಳ್ಳದಲ್ಲಿದ್ದೆ.

ಆ ಟಾರ್ಚನ್ನು ಆಮೇಲೆ ಎಷ್ಟು ಸಲ ಚಾರ್ಜು ಮಾಡಿ ಗಡಿಯಾರದ ಮುಂದಿಟ್ಟು ನೋಡಿದ್ದೇನೋ! ಒಂದೂಕಾಲು ಗಂಟೆಗೆ ಆರುತ್ತದೆ. ಆ ರಾತ್ರಿ ನೀರು ಕಟ್ಟಿದವರು ಯಾರೆಂದು ಊರೆಲ್ಲ ವಿಚಾರಿಸಿದೆ, ಯಾರೂ ಇಲ್ಲ. ರುದ್ರಪ್ಪ ಆ ಮಾತೆತ್ತಿದರೆ ಎದ್ದು ಹೋಗುತ್ತಾನೆ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದೇ ಸಲ ಕೇಳಿದಳು: "ನಾನು ತೋರಿಸ್ದೆ, ನಿಂಗೂ ಕಾಣ್ತಿತ್ತು. ಮತ್ಯಾಕೋ ಹೋಗ್ಲಿಲ್ಲ?"

ಅದು ಎಂಥ ಬೆಳಕೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅಕ್ಕನಿಗೆ ಅದು ತಿಳಿಯಬೇಕಾಗಿಯೂ ಇಲ್ಲ. ಅವಳು ಕೇಳಿದ್ದು ನಾನು ಯಾಕೆ ಹೋಗಲಿಲ್ಲ ಎಂದು.